ಕೆಲಸ ಯಂತ್ರ ಮಾಡಲಿ, ತೀರ್ಮಾನ ಯಾರದ್ದು?

ಭಟ್ಕಳದ ಮಾವಿನಕುರ್ವೆ, ಹೊನ್ನಾವರದ ಕಾಸರಕೋಡ, ಕುಮಟಾದ ತದಡಿ. ಈ ಯಾವ ಬಂದರಿಗೆ ಹೋದರೂ ಬೋಟು ನಡೆಸುವ ತಾಂಡೇಲನಿಗೆ ಹೈದರಾಬಾದಿನ ಇನ್‌ಕಾಯ್ಸ್ ಗೊತ್ತು. ಕೇಂದ್ರ ಸರ್ಕಾರದ ಈ ಸಾಗರ ಮಾಹಿತಿ ಕೇಂದ್ರ ಮೀನು ಸಿಗುವ ಸಂಭವವಿರುವ ಜಾಗಗಳ ಸೂಚನೆಯನ್ನು ಕನ್ನಡದಲ್ಲೂ ಕಳಿಸುತ್ತದೆ. ಇಂಥ ದಿಕ್ಕು, ದಡದಿಂದ ಇಷ್ಟು ಕಿಲೋಮೀಟರ್, ನೀರಿನ ಆಳ ಇಷ್ಟು, ಇಷ್ಟೇ ಅದರ ಒಕ್ಕಣೆ. ಉಪಗ್ರಹಕ್ಕೆ ಮೀನು ಕಾಣುವುದಿಲ್ಲ. ಅದು ಸಮುದ್ರದ ಮೇಲ್ಮೈಯ ಶಾಖವನ್ನೂ ನೀರಿನ ಬಣ್ಣವನ್ನೂ ಅಳೆಯುತ್ತದೆ. ಬಣ್ಣದಿಂದ ಸೂಕ್ಷ್ಮ ಸಸ್ಯಗಳ ಪತ್ರಹರಿತ್ತಿನ ಅಂದಾಜು ಸಿಗುತ್ತದೆ. ತಣ್ಣೀರು ಬಿಸಿನೀರು ಸಂಧಿಸುವ ಗೆರೆಯಲ್ಲಿ ಸೂಕ್ಷ್ಮ ಸಸ್ಯಗಳು ಸೇರುತ್ತವೆ, ಅವನ್ನು ತಿನ್ನಲು ತಾರ್ಲೆ ಬರುತ್ತದೆ, ತಾರ್ಲೆಯ ಬೆನ್ನು ಹತ್ತಿ ದೊಡ್ಡ ಮೀನು ಬರುತ್ತದೆ. ಮೋಡ ಮುಚ್ಚಿದ ದಿನ ಉಪಗ್ರಹ ಕುರುಡು.

ಸೂಚನೆ ಬಂದ ಮೇಲೆ ಏನಾಗುತ್ತದೆ ಎನ್ನುವುದೇ ಇಲ್ಲಿ ನನಗೆ ಮುಖ್ಯ. ತಾಂಡೇಲ ಅದನ್ನು ನೋಡುತ್ತಾನೆ. ಶರಾವತಿಯ ಅಳಿವೆಯಲ್ಲಿ ಹೂಳು ಎಷ್ಟಿದೆ, ಬೋಟು ಯಾವ ಹೊತ್ತಿನ ಭರತಕ್ಕೆ ದಾಟೀತು, ಅಷ್ಟು ದೂರಕ್ಕೆ ಡೀಸೆಲ್ ಸುಟ್ಟರೆ ಗಿಟ್ಟೀತೇ, ನಿನ್ನೆ ಅದೇ ದಿಕ್ಕಿಗೆ ಹೋದ ಬೋಟು ಏನು ತಂತು, ಗಾಳಿ ಯಾವ ಕಡೆ, ಖಲಾಸಿಗಳಲ್ಲಿ ಎಷ್ಟು ಜನ ಬಂದಿದ್ದಾರೆ ಎಂದೆಲ್ಲ ತೂಗುತ್ತಾನೆ. ಆಮೇಲೆ ಹೋಗುತ್ತಾನೆ ಅಥವಾ ಬಿಡುತ್ತಾನೆ. ಬಿಟ್ಟರೆ ಹೈದರಾಬಾದಿನಿಂದ ಯಾರೂ ಕಾರಣ ಕೇಳುವುದಿಲ್ಲ, ಅವನ ಪಾಲು ಕಡಿತವಾಗುವುದಿಲ್ಲ. ಸಲಹೆ ಯಂತ್ರದ್ದು, ತೀರ್ಮಾನ ತಾಂಡೇಲನದು. ಮೀನುಗಾರಿಕೆ ಹಿಂದಿಗಿಂತ ಎಷ್ಟೋ ಯಂತ್ರಮಯವಾದರೂ ತಾಂಡೇಲನ ಕೆಲಸ ಇವತ್ತಿಗೂ ಮನುಷ್ಯನ ಕೆಲಸವಾಗಿಯೇ ಉಳಿದಿರುವುದು ಇದರಿಂದ.

ಎಐ, ಅಂದರೆ ಕೃತಕ ಬುದ್ಧಿಮತ್ತೆ, ನೌಕರಿ ನುಂಗುತ್ತದೆ ಎಂಬ ಭಯ ಬೆಂಗಳೂರಿನಲ್ಲಿ ದೊಡ್ಡದು. ಟಿಸಿಎಸ್ 2025ರ ಜುಲೈನಲ್ಲಿ ತನ್ನ ಸಿಬ್ಬಂದಿಯಲ್ಲಿ ಶೇ 2ರಷ್ಟು, ಅಂದರೆ ಸುಮಾರು 12 ಸಾವಿರ ಮಂದಿಯನ್ನು ಕಡಿಮೆ ಮಾಡುವುದಾಗಿ ಹೇಳಿದಾಗ ಕುಮಟಾ, ಭಟ್ಕಳದ ಎಷ್ಟೋ ಮನೆಗಳಲ್ಲೂ ಫೋನು ಬಡಿದುಕೊಂಡಿರಬೇಕು. ಆದರೆ ಈ ಮೂರು ತಾಲೂಕಿನ ಒಳಗೇ ಇರುವ ಕೆಲಸಗಳನ್ನು ನೋಡಿದರೆ ಬೇರೆ ಚಿತ್ರ ಸಿಗುತ್ತದೆ. ಇಲ್ಲಿ ಕೆಲಸ ಇದ್ದಲ್ಲೇ ಇದೆ, ಕೆಲವೆಡೆ ಹೆಚ್ಚೇ ಆಗಿದೆ. ಕೈ ತಪ್ಪಿರುವುದು ತೀರ್ಮಾನ.

ಅಂಗನವಾಡಿಯನ್ನು ನೋಡಿ. ಗರ್ಭಿಣಿ, ಬಾಣಂತಿ ಮತ್ತು ಮೂರು ವರ್ಷದೊಳಗಿನ ಮಕ್ಕಳ ಮನೆಗೆ ಕೊಡುವ ಪೌಷ್ಟಿಕ ಆಹಾರಕ್ಕೆ 2025ರ ಜುಲೈ 1ರಿಂದ ಮುಖ ಗುರುತಿಸುವಿಕೆ ಕಡ್ಡಾಯವಾಯಿತು. ಕೆಲಸ ಎರಡು ಹಂತದ್ದು. ಮೊದಲು ಫಲಾನುಭವಿಯ ಆಧಾರ್ ಸಂಖ್ಯೆ ಹಾಕಿ, ಅದಕ್ಕೆ ಜೋಡಿಸಿದ ಮೊಬೈಲಿಗೆ ಬಂದ ಒಟಿಪಿ ತುಂಬಿ, ಮುಖದ ಫೋಟೋ ಹಿಡಿದು ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ದಾಖಲಿಸಬೇಕು. ಮುಂದೆ ಪ್ರತಿ ಸಲ ಆಹಾರ ಕೊಡುವಾಗ ಮತ್ತೆ ಮುಖ ಹಿಡಿಯಬೇಕು. ಹಳೆಯದಕ್ಕೂ ಹೊಸದಕ್ಕೂ ತಾಳೆಯಾದರೆ ವಿತರಣೆ ದಾಖಲಾಗುತ್ತದೆ.

ತಾಳೆ ನೋಡುವುದು ಹೇಗೆ? ಆ್ಯಪ್ ಮುಖವನ್ನು ಮುಖವಾಗಿ ನೋಡುವುದಿಲ್ಲ. ಕಣ್ಣುಗಳ ಅಂತರ, ಮೂಗಿನ ಏಣು, ದವಡೆಯ ಅಂಚು ಮುಂತಾದ ಗುರುತುಗಳೆಲ್ಲ ಅದರೊಳಗೆ ಅಂಕಿಗಳ ಉದ್ದ ಸಾಲಾಗುತ್ತವೆ. ಮೊದಲ ದಿನದ ಸಾಲಿಗೂ ಇವತ್ತಿನ ಸಾಲಿಗೂ ಎಷ್ಟು ಹತ್ತಿರ ಎಂದು ಲೆಕ್ಕ ಹಾಕುತ್ತದೆ. ಒಂದು ಮಿತಿ ದಾಟಿದರೆ ‘ಅವಳೇ’, ದಾಟದಿದ್ದರೆ ‘ಅವಳಲ್ಲ’. ಮಿತಿಯನ್ನು ಬಿಗಿ ಮಾಡಿದರೆ ಅಸಲಿ ತಾಯಿಯೂ ಹೊರಗುಳಿಯಬಹುದು, ಸಡಿಲ ಬಿಟ್ಟರೆ ಬೇರೆಯವರೂ ಒಳಗೆ ಬರಬಹುದು. ಎರಡೂ ತಪ್ಪುಗಳನ್ನು ಒಟ್ಟಿಗೆ ಸೊನ್ನೆ ಮಾಡುವ ಮಿತಿ ಎಂಬುದು ಇಲ್ಲ. ಆ ಗೆರೆ ಎಳೆದದ್ದೂ ಎಲ್ಲೋ ಕೂತ ಒಬ್ಬ ಮನುಷ್ಯನೇ. ಆದರೆ ಕೇರಿಯ ಅಂಗನವಾಡಿ ಅಕ್ಕೋರಿಗೆ ಅವನ ಹೆಸರೂ ಗೊತ್ತಿಲ್ಲ, ಊರೂ ಗೊತ್ತಿಲ್ಲ.

ಈಗ ಇದನ್ನು ನಮ್ಮ ಕಡೆಯ ಮಳೆಗಾಲಕ್ಕೆ ತಂದು ನಿಲ್ಲಿಸಿ. ಗೇರುಸೊಪ್ಪೆಯ ಮೇಲಿನ ಘಟ್ಟದಂಚು, ಯಾಣದ ಕಾಡು, ಹಾಡುವಳ್ಳಿಯ ಮಜರೆಗಳು. ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಬೇಕಾದ ಜಾಗಗಳಿವು. ಮಾಡಿನ ಕೆಳಗೆ ಬೆಳಕು ಕಡಿಮೆ. ಮೊದಲು ದಾಖಲಿಸಿದ ಫೋಟೋ ಬಸುರಿಯಾಗಿದ್ದಾಗಿನದು, ಈಗ ಆಕೆ ಎರಡು ತಿಂಗಳ ಬಾಣಂತಿ. ಭಟ್ಕಳದಲ್ಲಾದರೆ ಇನ್ನೊಂದು ತೊಡಕು: ಆಧಾರಿಗೆ ಜೋಡಿಸಿದ್ದು ಗಂಡನ ನಂಬರು, ಗಂಡ ದುಬೈನಲ್ಲಿ, ಆ ಸಿಮ್ಮು ರೀಚಾರ್ಜ್ ಇಲ್ಲದೆ ಯಾವತ್ತೋ ಸತ್ತಿದೆ. ಒಟಿಪಿ ಯಾರಿಗೆ ಬರಬೇಕು? “ಅಕ್ಕೋರೆ, ನಾನೇ ಅಲ್ದಾ?” ಎಂದು ಎದುರಿಗೇ ಕೂತವಳು ಕೇಳಿದರೆ ಅಕ್ಕೋರು ಏನು ಹೇಳಬೇಕು? ಆಕೆಯ ಮದುವೆ ಊಟ ಉಂಡವರು, ಬಸುರಿಯಾದಾಗ ಹೆಸರು ಬರೆದುಕೊಂಡವರು ಇದೇ ಅಕ್ಕೋರು. ಗುರುತಿಸುವುದರಲ್ಲಿ ಅವರನ್ನು ಮೀರಿಸುವ ಯಂತ್ರ ಇಲ್ಲ. ಆದರೂ ಅವರ ಗುರುತಿಗೆ ಬೆಲೆಯಿಲ್ಲ, ಬೈಗುಳ ಮಾತ್ರ ಅವರಿಗೇ.

ಕಳ್ಳ ಲೆಕ್ಕ ತಡೆಯಬೇಕು ಎಂಬ ಉದ್ದೇಶವನ್ನು ನಾನು ತಳ್ಳಿಹಾಕುವುದಿಲ್ಲ. ಅಂಗನವಾಡಿ ಆಹಾರ ಬೇರೆ ದಾರಿ ಹಿಡಿದ ಕತೆಗಳು ಸುಳ್ಳೇನಲ್ಲ. ಆದರೆ ಒಬ್ಬರು ಕದ್ದಾರು ಎಂದು ಎಲ್ಲ ಅಕ್ಕೋರ ಕಣ್ಣಿಗೂ ಬೀಗ ಹಾಕುವುದು ಸರಿಯಾದ ಮದ್ದಲ್ಲ. ಮುಖ ಹೊಂದದಿದ್ದರೆ ಕಾರಣ ಬರೆದು, ಸಹಿ ಹಾಕಿಸಿ ಕೊಡುವ ಅಧಿಕಾರ ಕಾರ್ಯಕರ್ತೆಗಿರಲಿ, ಅಂಥ ಪ್ರಕರಣಗಳನ್ನು ತಿಂಗಳ ಕೊನೆಗೆ ಮೇಲ್ವಿಚಾರಕಿ ಪರಿಶೀಲಿಸಲಿ. ಆಗ ಕಳ್ಳನೂ ಸಿಗುತ್ತಾನೆ, ಬಾಣಂತಿಯೂ ಬರಿಗೈಯಲ್ಲಿ ಹೋಗುವುದಿಲ್ಲ.

ಮನುಷ್ಯನ ಕಣ್ಣಿಲ್ಲದೆ ಕಾವಲು ನಡೆಯುವುದಿಲ್ಲ ಎಂಬುದನ್ನು ಸರ್ಕಾರವೇ ಇನ್ನೊಂದು ಕಡೆ ಒಪ್ಪಿಕೊಂಡಿದೆ. ನರೇಗಾ ಕೂಲಿಕಾರರ ಹಾಜರಿಗೆ ದಿನಕ್ಕೆ ಎರಡು ಫೋಟೋ ಏರಿಸುವ ಆ್ಯಪ್ 2023ರ ಜನವರಿಯಿಂದ ಎಲ್ಲೆಡೆ ಕಡ್ಡಾಯವಾಗಿತ್ತು. ಸಂಬಂಧವಿಲ್ಲದ ಫೋಟೋ, ಫೋಟೋದ್ದೇ ಫೋಟೋ, ಪಟ್ಟಿಯಲ್ಲಿರುವ ತಲೆಗೂ ಚಿತ್ರದ ತಲೆಗೂ ತಾಳೆಯಿಲ್ಲದ್ದು ಎಲ್ಲವೂ ಅದರೊಳಗೆ ಹೊಕ್ಕಿದ್ದವು. 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ಸುತ್ತೋಲೆ ಹೊರಡಿಸಿ, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಪ್ರತಿಯೊಂದು ಫೋಟೋವನ್ನೂ ಮನುಷ್ಯರೇ ನೋಡಬೇಕೆಂದಿತು.

ಯಂತ್ರ ಬಂದು ಕೆಲಸ ಇಳಿಸುತ್ತದೆ ಎಂಬ ಮಾತು ಕರ್ನಾಟಕಕ್ಕೆ ಹೊಸದಲ್ಲ. 2000ದ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ಎರಡು ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಹೋದವು. ಗ್ರಾಮ ಲೆಕ್ಕಿಗರ ಹಿಂದೆ ತಿರುಗಿ, ಕೈ ಬೆಚ್ಚಗೆ ಮಾಡಿ ಪಹಣಿ ಬರೆಸಿಕೊಳ್ಳುವ ಕಾಲ ಮುಗಿಯಿತು. ಅದು ನಿಜವಾದ ಲಾಭ, ಅನುಮಾನವೇ ಬೇಡ. ಇನ್ನು ಲೆಕ್ಕಿಗರಿಗೆ ಕೆಲಸವೇನು ಎಂದು ಆಗ ಕೇಳಿದವರಿದ್ದರು. ಕಾಲು ಶತಮಾನದ ಮೇಲೆ, 2024ರ ಸೆಪ್ಟೆಂಬರ್ ಕೊನೆಯಲ್ಲಿ ಮತ್ತೆ 2025ರ ಫೆಬ್ರುವರಿಯಲ್ಲಿ, ಅದೇ ಹುದ್ದೆಯವರು ರಾಜ್ಯದುದ್ದಕ್ಕೂ ಮುಷ್ಕರಕ್ಕೆ ಕೂತರು. ಈಗ ಅವರ ಹೆಸರು ಗ್ರಾಮ ಆಡಳಿತ ಅಧಿಕಾರಿ. ಹತ್ತಾರು ಆ್ಯಪ್‌ಗಳಲ್ಲಿ ಒಂದೇ ಸಮನೆ ಮಾಹಿತಿ ತುಂಬಬೇಕು, ಅದಕ್ಕೆ ಬೇಕಾದ ಮೊಬೈಲು, ಲ್ಯಾಪ್‌ಟಾಪು, ಇಂಟರ್ನೆಟ್ಟು ಕೊಡುವವರಿಲ್ಲ ಎಂಬುದು ಅವರ ಮುಖ್ಯ ದೂರುಗಳಲ್ಲೊಂದು. ಆಶಾ ಕಾರ್ಯಕರ್ತೆಯರದೂ ಇದೇ ಹಾಡು. ಮಾಡಿದ ಕೆಲಸ ಪೋರ್ಟಲ್‌ನಲ್ಲಿ ಸರಿಯಾಗಿ ಏರದೆ ಪ್ರೋತ್ಸಾಹಧನ ಕೈತಪ್ಪುತ್ತದೆ ಎಂಬುದು 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಹಗಲಿರುಳು ಧರಣಿ ಕೂತಾಗ ಅವರು ಮುಂದಿಟ್ಟ ದೂರುಗಳಲ್ಲಿತ್ತು. ತಿಂಗಳಿಗೆ ಕನಿಷ್ಠ 10 ಸಾವಿರ ರೂಪಾಯಿಯ ಭರವಸೆ ಸಿಕ್ಕ ಮೇಲೆ ಅವರು ಎದ್ದರು.

ಅಡಿಕೆ ತೋಟದವರ ಅನುಭವ ಇದಕ್ಕಿಂತ ಕಹಿ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಕೊಳೆ ರೋಗ ಎಷ್ಟು ಬಿದ್ದಿದೆ ಎಂದು ನೋಡಲು ತೋಟಕ್ಕೆ ಯಾರೂ ಬರುವುದಿಲ್ಲ. ಪಂಚಾಯಿತಿ ಮಟ್ಟದ ಮಳೆಮಾಪಕ ಕಳಿಸಿದ ಅಂಕಿ ನಿಗದಿತ ಮಿತಿ ದಾಟಿತೇ ಎಂಬುದಷ್ಟೇ ಲೆಕ್ಕ. ಮಾಪಕ ಸರಿಯಿದ್ದರೆ ಇದು ಒಳ್ಳೆಯ ವ್ಯವಸ್ಥೆ, ಶಿಫಾರಸಿಗೆ ಜಾಗವಿಲ್ಲ, ಪರಿಹಾರ ತಾನಾಗಿ ಬರುತ್ತದೆ. ಆದರೆ ಮಾಪಕಗಳು ಕೆಟ್ಟು ಕೂತಿವೆ, ನಮ್ಮೂರ ಮಳೆಗೂ ದಾಖಲೆಯ ಮಳೆಗೂ ಸಂಬಂಧವಿಲ್ಲ ಎಂಬ ದೂರು ಉತ್ತರ ಕನ್ನಡದ ಬೆಳೆಗಾರರಿಂದ ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಬಂದಿದೆ. ಕೊಳೆ ಬಂದ ಗೊನೆಯನ್ನು ಕೈಯಲ್ಲಿ ಹಿಡಿದು ನಿಂತರೂ ‘ಡೇಟಾ ಹಾಗಿದೆ’ ಎಂಬ ಉತ್ತರ ಬಂದರೆ ಯಾರ ಜೊತೆ ವಾದ ಮಾಡುವುದು?

ಇಷ್ಟು ಹೇಳಿದ ಮೇಲೆ, ಯಂತ್ರ ಮತ್ತು ಮನುಷ್ಯ ಇಬ್ಬರೂ ತಮ್ಮ ತಮ್ಮ ಜಾಗದಲ್ಲಿ ನಿಂತ ಒಂದು ವ್ಯವಸ್ಥೆಯನ್ನೂ ತೋರಿಸಬೇಕು. ನಮ್ಮ ಜಿಲ್ಲೆಗೆ ಅದರ ಬೆಲೆ ಬೇರೆಯವರಿಗಿಂತ ಹೆಚ್ಚು ಗೊತ್ತು. ಹೃದಯದ ದೊಡ್ಡ ಚಿಕಿತ್ಸೆ ಬೇಕೆಂದರೆ ಭಟ್ಕಳದವರಿಗೆ ಮಣಿಪಾಲ ಸುಮಾರು 90 ಕಿಲೋಮೀಟರ್, ಕುಮಟಾದವರಿಗೆ 150ರ ಹತ್ತಿರ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತರು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಆಗ ಹೋರಾಟವೇ ಆಯಿತು.

ರಾಜ್ಯ ಸರ್ಕಾರ 2023ರ ನವೆಂಬರ್‌ನಲ್ಲಿ ಶುರು ಮಾಡಿದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇಂಥ ದೂರದ ಊರುಗಳಿಗೆಂದೇ ಮಾಡಿದಂತಿದೆ. ಎದೆನೋವು ಎಂದು ಬಂದವರಿಗೆ ಯೋಜನೆಗೆ ಸೇರಿದ ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುತ್ತಾರೆ. ಅದು ಆ ಕ್ಷಣವೇ ಇಂಟರ್ನೆಟ್ ಮೂಲಕ ಹೋಗುತ್ತದೆ. ಲಕ್ಷಾಂತರ ಹಳೆಯ ಇಸಿಜಿಗಳನ್ನು ನೋಡಿ ಕಲಿತ ಎಐ, ಗೆರೆಗಳ ಏರಿಳಿತ ಓದಿ ಇದು ಹೃದಯಾಘಾತದ ಗುರುತೇ ಎಂದು ನಾಲ್ಕೈದು ನಿಮಿಷದಲ್ಲಿ ಎಚ್ಚರಿಸುತ್ತದೆ. ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ಅದನ್ನು ನೋಡಿ ಹೌದು ಅಥವಾ ಅಲ್ಲ ಅನ್ನುತ್ತಾರೆ. ಹೌದೆಂದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿನ ವೈದ್ಯರೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಕೊಂಡರೆ ಅದಕ್ಕೆ 30 ಸಾವಿರ ರೂಪಾಯಿಗೂ ಮೇಲೆ. ಆಂಬುಲೆನ್ಸ್ ಹೊರಡುವುದು ಆಮೇಲೆ.

ಈ ಸರಪಳಿಯನ್ನು ಸಾವಕಾಶ ನೋಡಿ. ಚುಚ್ಚುಮದ್ದು ಕೊಡು ಎಂದು ಯಂತ್ರ ಹೇಳುವುದಿಲ್ಲ. ರೋಗಿಗೆ ಈಚೆಗೆ ಆಪರೇಷನ್ ಆಗಿದೆಯೇ, ಎಲ್ಲಾದರೂ ರಕ್ತಸ್ರಾವ ಇದೆಯೇ, ಹಿಂದೆ ಪಾರ್ಶ್ವವಾಯು ಬಡಿದಿತ್ತೇ ಎಂದು ಕೇಳಬೇಕಾದವರು ಮಂಚದ ಪಕ್ಕ ನಿಂತ ವೈದ್ಯರು, ನರ್ಸು. ಇದ್ದರೆ ಆ ಮದ್ದೇ ಜೀವಕ್ಕೆ ಎರವಾದೀತು. ಅದು ಇಸಿಜಿಯ ಗೆರೆಯಲ್ಲಿ ಇರುವುದಿಲ್ಲ, ಮನೆಯವರ ಬಾಯಲ್ಲಿ ಇರುತ್ತದೆ, ಅದೂ ಗಾಬರಿಯಲ್ಲಿ ಕೇಳಿದರೆ ಹೊರಡುವುದಿಲ್ಲ. ನೂರಾರು ಇಸಿಜಿಗಳನ್ನು ಬೇಸರವಿಲ್ಲದೆ ಜರಡಿ ಹಿಡಿಯುವುದು ಯಂತ್ರದ ಪಾಲು. ವಿಚಾರಿಸುವುದು, ಹೌದು ಅನ್ನುವುದು, ಬೇಡ ಅನ್ನುವುದು ಮನುಷ್ಯರ ಪಾಲು.

ಹಾಗಾದರೆ ಕುಮಟಾದ ಒಂದು ಲೆಕ್ಕಪತ್ರದ ಕಚೇರಿ, ಹೊನ್ನಾವರದ ಪತ್ತಿನ ಸಹಕಾರಿ ಸಂಘ, ಭಟ್ಕಳದ ಬಟ್ಟೆ ಅಂಗಡಿ ಎಐ ತರುವಾಗ ಏನು ಮಾಡಬೇಕು? ಸಾಲದ ವಿಷಯದಿಂದ ಶುರು ಮಾಡೋಣ. ಸಿಬಿಲ್ ಅಂಕ ಹಳೆಯ ಸಾಲದ ಕಂತುಗಳನ್ನು ಎಷ್ಟು ನಿಯಮಿತವಾಗಿ ಕಟ್ಟಿದ್ದೀರಿ ಎಂಬುದರ ಮೇಲೆ ನಿಂತಿದೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬೋಟಿನವನ ಕಂತು ಆ ಎರಡು ತಿಂಗಳು ತಡವಾದರೆ ಅಂಕ ಅದನ್ನು ಸೋಮಾರಿತನವೆಂದು ಓದುತ್ತದೆ. ಪಿಗ್ಮಿ ಸಂಗ್ರಹಿಸುವವನಿಗೆ ಹಾಗೆ ಕಾಣುವುದಿಲ್ಲ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕ್ ಶುರು ಮಾಡಿದ ಆ ಪದ್ಧತಿಯಲ್ಲಿ ಏಜೆಂಟ್ ದಿನವೂ ಅಂಗಡಿಯ ಮೆಟ್ಟಿಲು ಹತ್ತುತ್ತಾನೆ. ಯಾರ ವ್ಯಾಪಾರ ಬಿದ್ದಿದೆ, ಯಾರ ಮನೆಯಲ್ಲಿ ಕಾಯಿಲೆ, ಯಾರು ಆಗಸ್ಟ್‌ನಲ್ಲಿ ಬಂದು ಮೊದಲು ಬಾಕಿ ತೀರಿಸುತ್ತಾರೆ ಎಂಬುದು ಅವನಿಗೆ ಬಾಯಿಪಾಠ. ಅಂಕ ಕಡಿಮೆ ಬಂದ ಅರ್ಜಿಯನ್ನು ತಿರಸ್ಕರಿಸುವ ಮೊದಲು ಅವನನ್ನು ಒಂದು ಮಾತು ಕೇಳುವ ನಿಯಮವನ್ನು ಸಂಘದ ಆಡಳಿತ ಮಂಡಳಿ ಮಾಡಿಕೊಳ್ಳಲಿ. ಖರ್ಚಿಲ್ಲ. ಪಿಗ್ಮಿಯವನು ತನ್ನ ನೆಂಟನಿಗೆ ವಕಾಲತ್ತು ಹಾಕಿಯಾನು, ಅದೂ ನಿಜ. ಅದಕ್ಕೇ ಅವನ ಮಾತೂ ಸಲಹೆ, ಅಂಕವೂ ಸಲಹೆ, ಸಹಿ ಹಾಕುವವರು ಮಂಡಳಿಯವರು.

ಕಚೇರಿಯ ಕಾಗದ ಪತ್ರದ್ದು ಬೇರೆ ತರದ ಅಪಾಯ. ಚಾಟ್‌ಜಿಪಿಟಿಯಂಥವು ಮುಂದಿನ ಪದ ಯಾವುದಿರಬಹುದು ಎಂದು ಊಹಿಸುತ್ತ ವಾಕ್ಯ ಕಟ್ಟುತ್ತವೆ. ಸತ್ಯ ಸುಳ್ಳು ಅವಕ್ಕೆ ಬೇರೆ ಬೇರೆಯಾಗಿ ಕಾಣುವುದಿಲ್ಲ, ಎರಡನ್ನೂ ಅಷ್ಟೇ ಧೈರ್ಯದಿಂದ ಹೇಳುತ್ತವೆ. ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ 2024ರ ಡಿಸೆಂಬರ್‌ನಲ್ಲಿ ತಾನು ಕೊಟ್ಟ ಆದೇಶವನ್ನೇ ಹಿಂಪಡೆಯಬೇಕಾಯಿತು, ಏಕೆಂದರೆ ಅದರಲ್ಲಿ ಇಲ್ಲದ ತೀರ್ಪುಗಳ ಉಲ್ಲೇಖವಿತ್ತು. ಪಕ್ಕದ ಕೇರಳ ಹೈಕೋರ್ಟ್ 2025ರ ಜುಲೈನಲ್ಲಿ ಜಿಲ್ಲಾ ನ್ಯಾಯಾಲಯಗಳಿಗೆ ನೀತಿ ರೂಪಿಸಿ, ತೀರ್ಪು ನಿರ್ಧರಿಸಲು ಎಐ ಬಳಸಕೂಡದು ಎಂದಿದೆ. ಭಟ್ಕಳದ ಒಂದು ಡಿಟಿಪಿ ಅಂಗಡಿಗೂ ಈ ಎಚ್ಚರ ಸಲ್ಲುತ್ತದೆ. ಕ್ರಯಪತ್ರದ ಕರಡನ್ನೋ, ವಕೀಲರ ನೋಟಿಸಿಗೆ ಉತ್ತರವನ್ನೋ ಎಐ ಬರೆದರೆ ಸರ್ವೆ ನಂಬರು, ಕ್ಷೇತ್ರ, ಚಕ್ಕುಬಂದಿ, ಕಾಯ್ದೆಯ ಕಲಮು ಇಷ್ಟನ್ನು ಮೂಲ ದಾಖಲೆ ಪಕ್ಕಕ್ಕಿಟ್ಟುಕೊಂಡು ಬೆರಳಿಟ್ಟು ಓದಬೇಕು. ಗಿರಾಕಿಯ ಆಧಾರ್ ಪ್ರತಿ, ರೋಗಿಯ ವರದಿ ಇವನ್ನು ಅದಕ್ಕೆ ಉಣಿಸಲೇಬಾರದು.

ಹೊಸಬರ ಕಲಿಕೆ ಯಾರೂ ಯೋಚಿಸದ ಸಂಗತಿ. ಬಿಕಾಂ ಮುಗಿಸಿ ಬಂದ ಹುಡುಗಿ ಮೊದಲ ವರ್ಷ ರೋಜಮೇಳ ಬರೆದು, ಬಿಲ್ಲು ಜೋಡಿಸಿ, ತಾಳೆಯಾಗದ ಹತ್ತು ರೂಪಾಯಿಗೆ ಸಂಜೆಯವರೆಗೆ ತಲೆ ಕೆರೆದುಕೊಂಡು ಲೆಕ್ಕ ಕಲಿಯುತ್ತಿದ್ದಳು. ಆ ಕೆಲಸವೇ ಈಗ ಸಾಫ್ಟ್‌ವೇರಿಗೆ ಹೋಗುತ್ತಿದೆ. ಆಕೆ ನೇರವಾಗಿ ಪರಿಶೀಲಕಿಯಾಗುತ್ತಾಳೆ, ಆದರೆ ಏನನ್ನು ಪರಿಶೀಲಿಸಬೇಕು ಎಂದು ಗೊತ್ತಾಗುವುದು ಕೈಯಾರೆ ಮಾಡಿದವರಿಗೆ ಮಾತ್ರ. ಮಾಲೀಕರಿಗೆ ನನ್ನ ಸಲಹೆ ಇಷ್ಟೇ: ಯಂತ್ರ ಇದ್ದರೂ ಮೊದಲ ಕೆಲವು ತಿಂಗಳು ಹೊಸಬರಿಂದ ಕೈಯಲ್ಲೇ ಮಾಡಿಸಿ, ಆಮೇಲೆ ಯಂತ್ರದ ಉತ್ತರದ ಪಕ್ಕ ಇಟ್ಟು ತಾಳೆ ನೋಡಿಸಿ. ನಿಧಾನ ಅನಿಸೀತು. ಯಂತ್ರ ಎಡವಿದ ದಿನ ಹಿಡಿಯುವವರು ಕಚೇರಿಯಲ್ಲಿ ಇರುತ್ತಾರೆ.

ಮೊಬೈಲ್ ಆರ್ಡರಿನ ಪಾರ್ಸೆಲ್ ತರುವ ಹುಡುಗರ ಮೇಲೆ ಆ್ಯಪೇ ಯಜಮಾನ. ಅವರಿಗೆ ಈಗ ಕಾನೂನಿನ ಒಂದು ಆಸರೆ ಸಿಕ್ಕಿದೆ. ಕರ್ನಾಟಕದ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಕಾಯ್ದೆ 2025ರಲ್ಲಿ ಜಾರಿಗೆ ಬಂತು. ತಾನಾಗಿ ನಿಗಾ ಇಟ್ಟು ತೀರ್ಮಾನ ಮಾಡುವ ವ್ಯವಸ್ಥೆ ತಮ್ಮ ಕೆಲಸದ ಮೇಲೆ ಹೇಗೆ ಪರಿಣಾಮ ಬೀರುತ್ತದೆ ಎಂದು ತಿಳಿಯುವ ಹಕ್ಕು ಅದರಲ್ಲಿದೆ. ಕಾರಣವನ್ನು ಲಿಖಿತವಾಗಿ ಕೊಡದೆ, 14 ದಿನ ಮೊದಲು ತಿಳಿಸದೆ ಕೆಲಸದಿಂದ ತೆಗೆಯುವಂತಿಲ್ಲ. ಮಾತಾಡಲು ಒಬ್ಬ ಮನುಷ್ಯನನ್ನು ಕಂಪನಿ ನೇಮಿಸಬೇಕು. ಈ ಕೊನೆಯದು ಅಂಗನವಾಡಿಗೂ ಬೆಳೆ ವಿಮೆಗೂ ಬಂದರೆ ಅರ್ಧ ಜಗಳ ತಾನೇ ಇಳಿಯುತ್ತದೆ.

ಅಲ್ಲಿಯವರೆಗೆ ಇರುವ ದಾರಿ ಬಳಸಬೇಕು. ನಾಡಕಚೇರಿಯಲ್ಲಿ ‘ಸಿಸ್ಟಮ್ ತಗೊಳ್ತಾ ಇಲ್ಲ’ ಎಂದರೆ ಬಾಯಿ ಮಾತಿಗೆ ಮರಳಬೇಡಿ, ಸಕಾಲ ಸ್ವೀಕೃತಿ ಸಂಖ್ಯೆ ಕೇಳಿ. ಸಂಖ್ಯೆ ಸಿಕ್ಕ ಅರ್ಜಿಗೆ ಗಡುವು ಇದೆ, ಮೇಲ್ಮನವಿ ಕೇಳುವ ಅಧಿಕಾರಿ ಇದ್ದಾರೆ, ತಡಕ್ಕೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರವೂ ಇದೆ. ಗಂಡನ ಹಳೆಯ ನಂಬರು ಆಧಾರಿನಲ್ಲಿದ್ದರೆ ಹೆರಿಗೆಗೆ ಮುಂಚೆಯೇ ಅಂಚೆ ಕಚೇರಿಯಲ್ಲೋ ಆಧಾರ್ ಕೇಂದ್ರದಲ್ಲೋ ಬದಲಿಸಿಕೊಳ್ಳಿ. ಊರಿನ ಮಳೆಮಾಪಕ ನಡೆಯುತ್ತಿದೆಯೇ ಎಂದು ಮೇ ತಿಂಗಳಲ್ಲೇ ನೋಡಿ, ಇಲ್ಲದಿದ್ದರೆ ಪಂಚಾಯಿತಿಗೆ ಬರೆದು ಕೊಟ್ಟು ಪ್ರತಿ ಇಟ್ಟುಕೊಳ್ಳಿ.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ಬೀದಿದೀಪ, ಚರಂಡಿಯ ಜೊತೆಗೆ ಮುಂದಿನ ಸಭೆಯಲ್ಲಿ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ನಮ್ಮ ಪಂಚಾಯಿತಿಯಲ್ಲಿ ಆ್ಯಪ್ ‘ಇಲ್ಲ’ ಅಂದಾಗ ‘ಹೌದು’ ಅನ್ನುವ ಅಧಿಕಾರ ಯಾರಿಗಿದೆ? ಬಂದ ಉತ್ತರವನ್ನು ಹೆಸರು ಸಮೇತ ನಡಾವಳಿಯಲ್ಲಿ ಬರೆಸಿ.